ಮೊದಲ ಶನಿವಾರದ ಸೈರನ್

ಮುದುಕಿ ಕದಲುತ್ತಿದ್ದಾಳೆ ಅನ್ನುವುದು ದಾರಿಂಕಾಗೆ ಆ ಶನಿವಾರ ಬೆಳಿಗ್ಗೆ ಕಾಫಿ ಬಾಯಿಗಿಡುವ ಮೊದಲೇ ಗೊತ್ತಾಗಿಹೋಯಿತು. ಮುದುಕಿ ಅಂದರೆ ಹೆಂಗಸಲ್ಲ, ಪೊದ್‌ಸ್ಕಾಲ ಊರಿನ ನೆತ್ತಿಯ ಮೇಲೆ ಕೂತಿರುವ ಬಂಡೆ. ಸ್ಲೊವೇನಿಯಾದ ಬೆಟ್ಟದ ಜನ ಹಾಗೆಯೇ, ತಲೆಯ ಮೇಲೆ ತೂಗುವ ಕಲ್ಲಿಗೂ ಒಂದು ಹೆಸರಿಟ್ಟು, ಅದನ್ನು ಬೈದುಕೊಂಡು, ಅದರ ಬುಡದಲ್ಲೇ ಮಕ್ಕಳು ಮೊಮ್ಮಕ್ಕಳನ್ನು ಸಾಕುತ್ತಾರೆ. ಮುದುಕಿಯ ಬೆನ್ನಿನಲ್ಲಿ ಒಂದು ಬಿರುಕು. ಆ ಬಿರುಕಿಗೆ ಅಡ್ಡವಾಗಿ ದಾರಿಂಕಾ ತಾನೇ ಕೈಯಾರೆ ಕಟ್ಟಿದ ತಂತಿ. ಬಿರುಕು ಅಗಲವಾದಷ್ಟೂ ತಂತಿ ಎಳೆಯುತ್ತದೆ, ತಂತಿ ಎಳೆದಷ್ಟೂ ಕಂಪ್ಯೂಟರ್ ಪರದೆಯ ಮೇಲಿನ ಗೆರೆ ಏರುತ್ತದೆ. ಅವತ್ತು ಗೆರೆ ಕೆಂಪು ಪಟ್ಟಿಯನ್ನು ದಾಟಿ ನಿಂತಿತ್ತು.

ಕೆಂಪು ದಾಟಿದರೆ ಸೈರನ್ ತಾನಾಗಿಯೇ ಕೂಗಬೇಕು. ಕೂಗಲಿಲ್ಲ. ಕೂಗದ ಹಾಗೆ ಹಿಂದಿನ ದಿನ ಅದರ ಬಾಯಿ ಕಟ್ಟಿದವಳು ದಾರಿಂಕಾನೇ.

ಅದಕ್ಕೊಂದು ಕಾರಣವಿತ್ತು. ಇಂಥದ್ದಕ್ಕೆಲ್ಲ ಒಂದು ಒಳ್ಳೆಯ ಕಾರಣ ಇದ್ದೇ ಇರುತ್ತದೆ, ಬಿಡಿ. ಅವಳು ಕೆಲಸ ಮಾಡುವ ವಿಶ್ವವಿದ್ಯಾಲಯ ಕಣಿವೆಯಾಚೆಯ ಪುಟ್ಟ ಪಟ್ಟಣದ್ದು. ರಾಜಧಾನಿಯವರ ಹಾಗೆ ನೂರೆಂಟು ವಿದ್ಯೆ ಅದಕ್ಕೆ ಬರುವುದಿಲ್ಲ. ಬರುವುದು ಒಂದೇ, ಬೆಟ್ಟ ಯಾವಾಗ ಬೀಳುತ್ತದೆ ಅಂತ ಕಿವಿಗೊಟ್ಟು ಕೇಳುವುದು. ಆ ಒಂದು ವಿದ್ಯೆಯಲ್ಲಿ ಮಾತ್ರ ಯುರೋಪೆಲ್ಲ ಇವರ ಮುಖ ನೋಡಬೇಕು. ಅಷ್ಟಿದ್ದೂ ಯುರೋಪಿನ ಜಂಟಿ ಯೋಜನೆಗಳಲ್ಲಿ ಇವರಿಗೆ ವರ್ಷಗಟ್ಟಲೆ ಸಿಕ್ಕಿದ್ದು ಮೂಲೆಯ ಕುರ್ಚಿ. ಬೆಟ್ಟ ಹತ್ತುವವರು, ತಂತಿ ಕಟ್ಟುವವರು, ಅಂಕಿ ಕಳಿಸುವವರು ಇವರು. ಫೋಟೋದಲ್ಲಿ ನಡುವೆ ನಿಲ್ಲುವವರು ದೊಡ್ಡ ದೇಶದವರು. ಈ ಸಲವೇ ಮೊದಲು, ಏಳು ದೇಶಗಳ ಯೋಜನೆಯೊಂದರ ಮುಂದಾಳತ್ವ ಇವರ ಪಾಲಿಗೆ ಬಂದದ್ದು. ಆ ಸುದ್ದಿ ಬಂದ ದಿನ ಪ್ರೊಫೆಸರ್ ವಿತೋಮಿರ್ ಲೋಗರ್ ವಿಭಾಗದ ಓಣಿಯಲ್ಲಿ ನಿಂತು ಅತ್ತುಬಿಟ್ಟಿದ್ದರು. ದಾರಿಂಕಾನೇ ಕರವಸ್ತ್ರ ಕೊಟ್ಟಿದ್ದಳು.

ಯೋಜನೆ ಏನೆಂದರೆ, ಬಂಡೆ ಕದಲಿದ ಕೂಡಲೇ ಯಾರ ಅಪ್ಪಣೆಗೂ ಕಾಯದೆ ಕೂಗುವ ಸೈರನ್. ಕೊನೆಗೆ ಬ್ರಸೆಲ್ಸಿನಿಂದ ಪರಿಶೀಲಕರು ಬಂದು ಅದನ್ನು ಕಣ್ಣಾರೆ ನೋಡಬೇಕು. ಅವರು ಮೆಚ್ಚಿದರೆ ಮುಂದಿನ ಯೋಜನೆ. ಮೆಚ್ಚದಿದ್ದರೆ ವಿಭಾಗಕ್ಕೆ ಬೀಗ, ದಾರಿಂಕಾಳ ಕೈಕೆಳಗಿನ ಸಂಶೋಧಕರೆಲ್ಲ ಬೀದಿಗೆ.

ಆದರೆ ಸೈರನ್ ವಸಂತದ ಶುರುವಿನಲ್ಲಿ ಎರಡು ಸಲ ಸುಮ್ಮಸುಮ್ಮನೆ ಕೂಗಿ ಮಾನ ಕಳೆದಿತ್ತು. ತಂತಿಗೆ ಮಂಜುಗಡ್ಡೆ ಕಟ್ಟಿ ಎಳೆದದ್ದು, ಅಷ್ಟೆ. ಊರಿಗೂರೇ ಮಲಗಿದ ಬಟ್ಟೆಯಲ್ಲಿ ಸೇತುವೆ ದಾಟಿ, ಆಚೆ ದಡದ ಹುಲ್ಲುಗಾವಲಿನಲ್ಲಿ ನಡುಗುತ್ತ ನಿಂತು, ಬೆಳಗಾದ ಮೇಲೆ ವಾಪಸಾಗಿತ್ತು. ಆಮೇಲೆ ದಾರಿಂಕಾ ಕಣ್ಣಿಗೆ ಬಿದ್ದಾಗಲೆಲ್ಲ, "ಏನಮ್ಮ ಡಾಕ್ಟರೇ, ಇವತ್ತು ಮುದುಕಿಗೆ ಸೀನು ಬಂತೇನು?" ಅಂತ ಊರಿನ ಹಿರಿಯ ಲೊಯ್ಝ್ ಮಾವ ಕೇಳುವುದು, ಉಳಿದವರು ನಗುವುದು. ಅವಳು ಅದೇ ಊರಲ್ಲಿ ಹುಟ್ಟಿದವಳು, ನಗುವವರೆಲ್ಲ ಅವಳನ್ನು ಎತ್ತಿ ಆಡಿಸಿದವರು. ಬಾಯಿ ಮುಚ್ಚಿಕೊಂಡು ನುಂಗಿಕೊಳ್ಳುತ್ತಿದ್ದಳು.

ಆ ದೇಶದಲ್ಲಿ ಪ್ರತಿ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ಊರಿನ ಸೈರನ್‌ಗಳನ್ನೂ ಒಮ್ಮೆ ಕೂಗಿಸಿ ನೋಡುವ ರೂಢಿ. ಯಾರೂ ತಲೆ ಎತ್ತುವುದಿಲ್ಲ. ಗಡಿಯಾರ ಸರಿಮಾಡಿಕೊಂಡು ಸೂಪಿಗೆ ಕೂರುತ್ತಾರೆ. ಪ್ರೊಫೆಸರ್ ತಮ್ಮ ಪ್ರದರ್ಶನವನ್ನು ಆ ಹೊತ್ತಿಗೇ ಇಟ್ಟರು. ಹೇಗೂ ಕೂಗುವ ಹೊತ್ತು, ಊರವರಿಗೂ ರಗಳೆಯಿಲ್ಲ, ಬೇರೆ ಅನುಮತಿಯೂ ಬೇಡ. ಒಂದೇ ವ್ಯತ್ಯಾಸ, ಅವತ್ತು ಕೂಗುವುದು ಪರೀಕ್ಷೆಯ ನೇರ ಸ್ವರವಲ್ಲ, ಏರಿ ಇಳಿಯುವ ಅಪಾಯದ ಸ್ವರ. ಜನ ಬೆದರಿ ಓಡಿ ಅತಿಥಿಗಳ ಮುಂದೆ ಗಲಾಟೆಯಾಗಬಾರದಲ್ಲ? ಅದಕ್ಕೆ ದಾರಿಂಕಾ ಮನೆಮನೆಗೆ ಹೋಗಿ ಹೇಳಿಬಂದಳು. "ಶನಿವಾರ ಹನ್ನೆರಡಕ್ಕೆ ಕೂಗೋದು ನಮ್ಮದೇ ಪ್ರದರ್ಶನ. ಸ್ವರ ಬೇರೆ ಇರುತ್ತೆ, ಹೆದರ್ಕೋಬೇಡಿ. ಯಾರೂ ಎದ್ದು ಬರೋದು ಬೇಡ. ಆರಾಮಾಗಿ ಊಟ ಮಾಡಿ."

ಕರಗುವ ಹಿಮದಿಂದ ತಂತಿ ಮತ್ತೆ ಆಟ ಆಡಿಸಿ, ಸೈರನ್ ಅತಿಥಿಗಳು ಬರುವ ಮೊದಲೇ ಕೂಗಿಬಿಟ್ಟರೆ ಅಂತ ಪ್ರೊಫೆಸರಿಗೆ ಭಯ. ಹಾಗಾಗಿ ಅದರ ತಾನಾಗಿ ಕೂಗುವ ಗುಣವನ್ನು ಆ ಒಂದು ದಿನದ ಮಟ್ಟಿಗೆ ದಾರಿಂಕಾಳಿಂದಲೇ ತೆಗೆಸಿ, ಕೂಗಿಸುವ ಗುಂಡಿಯನ್ನು ಅವಳ ಕೈಗೆ ಕೊಟ್ಟಿದ್ದರು.

ಅಗ್ನಿಶಾಮಕ ದಳದ ಮನೆ ಹೊಳೆಯ ಆಚೆ ದಡದಲ್ಲಿದೆ, ಬಂಡೆಗೆ ದೂರ. ಪರದೆ, ಗುಂಡಿ, ಅತಿಥಿಗಳ ಕುರ್ಚಿ ಎಲ್ಲ ಅದರ ಮಹಡಿಯ ಮೇಲಿನ ಹಾಲ್‌ನಲ್ಲಿ. ದಾರಿಂಕಾ ಪರದೆಯ ಮುಂದೆ ಕೂತು ಗೆರೆಯನ್ನೇ ನೋಡಿದಳು. ಮಂಜುಗಡ್ಡೆ ಎಳೆದರೆ ಗೆರೆ ಕುಣಿಯುತ್ತದೆ. ಇದು ಕುಣಿಯುತ್ತಿರಲಿಲ್ಲ. ನಿಧಾನಕ್ಕೆ, ಬಿಡದೆ, ಹಟ ಹಿಡಿದ ಹಾಗೆ ಏರುತ್ತಿತ್ತು. ಪ್ರೊಫೆಸರ್ ಬರಲು ಇನ್ನೂ ಹೊತ್ತಿತ್ತು. ಅವಳು ಸೇತುವೆ ದಾಟಿ ತಂಗಿಯ ಹತ್ತಿರ ಹೋದಳು.

ತಂಗಿ ಮಿಲೇನಾ ನಡೆಸುವ ಊಟದ ಮನೆ ಮುದುಕಿಯ ನೆರಳಲ್ಲೇ ಇದೆ. ದಾರಿಂಕಾ ಬಾಗಿಲಲ್ಲಿ ಬೂಟು ಬಿಚ್ಚಿ, ಬುಟ್ಟಿಯಿಂದ ಉಣ್ಣೆಯ ಚಪ್ಪಲಿ ಹಾಕಿಕೊಂಡಳು. ಅಲ್ಲಿನ ಯಾವ ಮನೆಯಲ್ಲೂ ಹೊರಗಿನ ಬೂಟು ಒಳಗೆ ಬರುವಂತಿಲ್ಲ. ಅದರಲ್ಲೂ ದಾರಿಂಕಾ ತಾಯಿಗಿಂತ ಒಂದು ಕೈ ಮೇಲು. ಚಿಕ್ಕಂದಿನಲ್ಲಿ ಹಿಮದ ಬೂಟಿನಲ್ಲೇ ಅಡುಗೆಮನೆಗೆ ನುಗ್ಗಿದ ತಂಗಿಯನ್ನು ಹೊರಗೆ ತಳ್ಳಿ ಬಾಗಿಲು ಹಾಕಿದವಳು ಅವಳು.

"ಬಾ ಅಕ್ಕ, ರುಚಿ ನೋಡು," ಅಂತ ಮಿಲೇನಾ ಸೌಟು ಚಾಚಿದಳು. ದೊಡ್ಡ ಪಾತ್ರೆಯಲ್ಲಿ ದನದ ಮಾಂಸದ ಸೂಪು ಕುದಿಯುತ್ತಿತ್ತು. ಮೇಜಿನ ಮೇಲೆ ಗಿಣ್ಣು ತುಂಬಿ ಸುತ್ತಿಟ್ಟ ಹಿಟ್ಟಿನ ಸುರುಳಿಗಳು, ಶ್ಟ್ರುಕ್ಲಿಗಳು, ಬೇಯಲು ಕಾಯುತ್ತಿದ್ದವು. "ನಿನ್ನ ಬ್ರಸೆಲ್ಸಿನ ದೊರೆಗಳು ಬೆರಳು ನೆಕ್ಕಬೇಕು. ಉಪ್ಪು ಸಾಕಾ?"

"ಮಿಲೇನಾ, ಹನ್ನೆರಡರ ಹೊತ್ತಿಗೆ ನೀನು ಆಚೆ ಹಾಲ್‌ಗೆ ಬಂದ್ಬಿಡು."

"ನಾನು ಬಂದ್ರೆ ಇದನ್ನ ಯಾರು ಬೇಯಿಸ್ತಾರೆ, ಮುದುಕಿನಾ?"

"ಗೆರೆ ಏರ್ತಾ ಇದೆ ಕಣೇ."

ಮಿಲೇನಾ ಸೌಟು ಕೆಳಗಿಟ್ಟಳು. ಅವಳಿಗೆ ಅಕ್ಕನ ಮುಖ ಓದಲು ಬರುತ್ತದೆ. "ನಿಜ ಏರ್ತಾ ಇದೆಯಾ, ಆವತ್ತಿನ ಥರಾನಾ?"

ಅಲ್ಲಿ ದಾರಿಂಕಾ ನಿಜ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಇಪ್ಪತ್ತು ವರ್ಷ ಬಂಡೆಯ ಪಾಠ ಓದಿದವಳಿಗೆ 'ನಿಜ' ಅನ್ನುವ ಮಾತು ಸುಲಭಕ್ಕೆ ಬಾಯಿಗೆ ಬರುವುದಿಲ್ಲ. "ಇನ್ನೂ ಗೊತ್ತಿಲ್ಲ. ನೋಡ್ಬೇಕು," ಅಂದಳು.

"ನೋಡಿ ಹೇಳು ಹಾಗಾದ್ರೆ. ಇನ್ನೊಂದು ಸಲ ಸುಳ್ಳಾದ್ರೆ ಲೊಯ್ಝ್ ಮಾವ ನಿನ್ನನ್ನ ಹೊಳೆಗೆ ಹಾಕ್ತಾನೆ," ಅಂದು ಮಿಲೇನಾ ಮತ್ತೆ ಒಲೆಯ ಕಡೆ ತಿರುಗಿದಳು. ಉಪ್ಪು ಸ್ವಲ್ಪ ಕಡಿಮೆಯಿತ್ತು. ಅದನ್ನೂ ಹೇಳದೆ ದಾರಿಂಕಾ ಹೊರಟುಬಂದಳು.

ಹಾಲ್‌ಗೆ ವಾಪಸಾದಾಗ ಪ್ರೊಫೆಸರ್ ಹೊಸ ಟೈ ಕಟ್ಟಿಕೊಂಡು ಕುರ್ಚಿಗಳನ್ನು ಸಾಲಿಗೆ ಎಳೆಯುತ್ತಿದ್ದರು. ಕೆಳಗಿನ ಅಂಗಳದಲ್ಲಿ ಅಗ್ನಿಶಾಮಕ ದಳದ ಸ್ವಯಂಸೇವಕರು, ಅಂದರೆ ಊರಿನ ಗಟ್ಟಿಮುಟ್ಟಾದ ಗಂಡಸರೆಲ್ಲ, ಸಮಾರಂಭದ ಸಮವಸ್ತ್ರದಲ್ಲಿ ಸಾಲುಗಟ್ಟಿ ನಿಲ್ಲುವ ಅಭ್ಯಾಸ ಮಾಡುತ್ತಿದ್ದರು. ಅಪಾಯ ಬಂದರೆ ಮನೆಮನೆಗೆ ಹೋಗಿ ಜನರನ್ನು ಹೊರಡಿಸಬೇಕಾದವರು ಅವರೇ. ಅವತ್ತು ಅವರ ಅಂಗಿಯ ಗುಂಡಿಗಳೆಲ್ಲ ಫಳಫಳ ಹೊಳೆಯುತ್ತಿದ್ದವು.

"ಪ್ರೊಫೆಸರ್, ಪ್ರದರ್ಶನ ನಿಲ್ಲಿಸೋಣ. ಈಗಲೇ ಊರು ಖಾಲಿ ಮಾಡಿಸೋಣ," ಅಂದಳು ದಾರಿಂಕಾ.

ಪ್ರೊಫೆಸರ್ ಪರದೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅವರೇನು ಕೆಟ್ಟ ಮನುಷ್ಯನಲ್ಲ. ಕಿವಿಯ ಹಿಂದೆ ಬೆವರು ಇಳಿಯುವುದು ಅವಳಿಗೆ ಕಂಡಿತು.

"ಆವತ್ತೂ ಹೀಗೇ ಇತ್ತು," ಅಂದರು.

"ಆವತ್ತು ಗೆರೆ ಕುಣೀತಾ ಇತ್ತು."

"ನೋಡು ದಾರಿಂಕಾ, ನಿಯಮ ನಿನಗೂ ಗೊತ್ತು. ನಾನೊಬ್ಬ, ನೀನೊಬ್ಬಳು ಊರು ಖಾಲಿ ಮಾಡ್ಸೋ ಹಾಗಿಲ್ಲ. ಅಳೆಯೋರು ನಾವು. ಅಳತೆಯ ಅರ್ಥ ಹೇಳೋರು ಡಚ್ಚರು. ಜನರಿಗೆ ತಿಳಿಸೋದು ಪೋರ್ಚುಗಲ್ಲಿನವರ ಕೆಲಸ. ಅವರನ್ನ ಕೇಳು. ಅವರು ಹೂಂ ಅಂದ್ರೆ ನಾನೇ ಹೋಗಿ ಎಲ್ಲರ ಬಾಗಿಲು ತಟ್ತೀನಿ."

ಏಳು ದೇಶ ಕೂಡಿ ಮಾಡುವ ಕೆಲಸ ಅಂದರೆ ಹೀಗೆ. ಯಾವ ತಪ್ಪೂ ಒಬ್ಬರ ತಲೆಗೆ ಬರಬಾರದು ಅಂತ ಎಲ್ಲವನ್ನೂ ಹಂಚಿಕೊಂಡಿರುತ್ತಾರೆ, ಕಡೆಗೆ ಬಂಡೆ ಮಾತ್ರ ಒಂದೇ ಊರಿನ ಮೇಲಿರುತ್ತದೆ. ದಾರಿಂಕಾ ಡಚ್ಚರಿಗೆ ಫೋನ್ ಹಚ್ಚಿದಳು. ಶನಿವಾರ. ಗಂಟೆ ಹೊಡೆದು ಹೊಡೆದು ನಿಂತಿತು. ಅವರಲ್ಲೇ ಇನ್ನೊಬ್ಬರಿಗೆ ಹಚ್ಚಿದಳು. ಹಿಂದೆ ಮಕ್ಕಳ ಕಿರುಚಾಟ, ಫುಟ್‌ಬಾಲ್ ಸೀಟಿ. "ಓ, ಬಹಳ ಕುತೂಹಲದ ವಿಷಯ ಇದು," ಅಂದ ಆ ಮನುಷ್ಯ. "ಅಂಕಿಗಳನ್ನ ಕಳ್ಸಿ. ಸೋಮವಾರ ಬೆಳಿಗ್ಗೆ ಎಲ್ಲರೂ ಕೂತು ಮಾತಾಡೋಣ." ಪೋರ್ಚುಗಲ್ಲಿನವರು ಫೋನ್ ಎತ್ತಲೇ ಇಲ್ಲ.

ಅಷ್ಟರಲ್ಲಿ ಬಸ್ಸು ಬಂತು. ಪರಿಶೀಲಕರ ಮುಖ್ಯಸ್ಥೆ ಕಾಯ್ಸಾ ಲೆಹ್ತೊ ಅಂತ ಫಿನ್‌ಲೆಂಡಿನ ಹೆಂಗಸು, ಮಾತು ಕಡಿಮೆ, ಕಣ್ಣು ಚೂಪು. ಪ್ರೊಫೆಸರ್ ಅವರಿಗೆಲ್ಲ ಜೇನಿನ ಬ್ರಾಂದಿ ಕೊಟ್ಟು ಕೂರಿಸಿ, ವಿಶ್ವವಿದ್ಯಾಲಯದ ಹೆಚ್ಚುಗಾರಿಕೆಯನ್ನು ವರ್ಣಿಸಲು ಶುರುಮಾಡಿದರು. ಎಷ್ಟು ದೇಶಗಳ ಜೊತೆ ದುಡಿದಿದ್ದೇವೆ, ಎಷ್ಟು ಬೆಟ್ಟಗಳಿಗೆ ಕಿವಿಗೊಟ್ಟಿದ್ದೇವೆ, ಈ ವಿದ್ಯೆಯಲ್ಲಿ ಯುರೋಪಿಗೆ ನಾವೇ ಹೇಗೆ ಮನೆಯ ಹಿರಿಯರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ದಾರಿಂಕಾ ಪಕ್ಕದಲ್ಲಿ ಕೂತು ಗೆರೆ ಏರುವುದನ್ನು ನೋಡಿದಳು. ನೋಡುತ್ತ ಕೂತಳು ಅನ್ನುವುದೇ ಆಮೇಲೆ ಅವಳ ಎದೆಯಲ್ಲಿ ಮುರಿದ ಮುಳ್ಳು. ಎದ್ದು ಹೋಗಿ ಕೂಗಬಹುದಿತ್ತು. ಮೂರನೆಯ ಸಲವೂ ಸುಳ್ಳಾದರೆ ಅಂತ ನಾಚಿಕೆಗೆ ಹೆದರಿ ಕೂತಳು. ಹನ್ನೆರಡಕ್ಕೆ ಹೇಗೂ ಕೂಗುತ್ತದೆ, ಅದು ಮುಗಿದ ಕೂಡಲೇ ಎಲ್ಲರನ್ನೂ ಹೊರಡಿಸಿದರಾಯಿತು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹನ್ನೆರಡಾಗಲು ಇನ್ನೇನು ಸ್ವಲ್ಪವೇ ಹೊತ್ತಿದೆ ಅನ್ನುವಾಗ ಗೆರೆ ದಢಕ್ಕನೆ ಕೆಳಗೆ ಬಿದ್ದು ನೇರವಾಯಿತು. ಗೀಟು ಎಳೆದ ಹಾಗೆ, ಸ್ವಲ್ಪವೂ ಕದಲದೆ ನಿಂತಿತು.

"ನೋಡಿದ್ಯಾ?" ಪ್ರೊಫೆಸರ್ ಅವಳ ಕಿವಿಯಲ್ಲಿ ಪಿಸುಗುಟ್ಟಿದರು. ನಿಟ್ಟುಸಿರು ಬಿಟ್ಟು ನಗುತ್ತಿದ್ದರು. "ಶಾಂತವಾಯ್ತು. ನಾನು ಹೇಳ್ಲಿಲ್ವಾ?"

ಬದುಕಿರುವ ಬಂಡೆಯ ಗೆರೆ ಎಷ್ಟೇ ಶಾಂತವಾದರೂ ಒಂದಿಷ್ಟು ನಡುಗುತ್ತಲೇ ಇರುತ್ತದೆ. ಇಷ್ಟು ನೇರವಾಗುವುದು ಒಂದೇ ಒಂದು ಸಂದರ್ಭದಲ್ಲಿ.

"ಶಾಂತ ಅಲ್ಲ ಪ್ರೊಫೆಸರ್," ಅಂದಳು. "ತಂತಿ ತುಂಡಾಯ್ತು."

ಅಂದವಳೇ ಗುಂಡಿ ಒತ್ತಿದಳು.

ಸೈರನ್ ಏರಿ ಇಳಿದು, ಏರಿ ಇಳಿದು ಕಣಿವೆಯನ್ನೆಲ್ಲ ತುಂಬಿತು. ಕುರ್ಚಿಯಲ್ಲಿದ್ದವರು ಮೆಚ್ಚಿಗೆಯಿಂದ ತಲೆಯಾಡಿಸಿ ಚಪ್ಪಾಳೆ ತಟ್ಟಿದರು. ಅಂಗಳದಲ್ಲಿ ಸ್ವಯಂಸೇವಕರು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಕಿಟಕಿಯಿಂದ ಊರು ಕಾಣುತ್ತಿತ್ತು. ಒಂದು ಬಾಗಿಲೂ ತೆರೆಯಲಿಲ್ಲ. ಯಾರೋ ತಮ್ಮ ಮನೆಯ ಮಹಡಿಯಿಂದ ಈ ಕಡೆಗೆ ಕರವಸ್ತ್ರ ಬೀಸಿದರು. ಪ್ರದರ್ಶನ ಚೆನ್ನಾಗಿದೆ ಅಂತ.

ಅವಳು ಮೆಟ್ಟಿಲಿಳಿದು ಓಡಿದಳು. "ಇದು ನಿಜ, ಬನ್ನಿ, ನಿಜ ಇದು," ಅಂತ ಸಾಲಿನವರನ್ನು ಹಿಡಿದು ಎಳೆದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಲು ಮುರಿಯಬಾರದು ಅಂತ ಬೆಳಗಿನಿಂದ ಹೇಳಿಸಿಕೊಂಡವರು ಪಾಪ, ಇದೂ ಪ್ರದರ್ಶನದ ಭಾಗವೇ ಇರಬೇಕು ಅಂದುಕೊಂಡು ಇನ್ನೂ ನೆಟ್ಟಗೆ ನಿಂತರು. ಅವರನ್ನು ಒಪ್ಪಿಸುತ್ತ ನಿಲ್ಲಲು ಹೊತ್ತಿರಲಿಲ್ಲ. ಅವಳು ಸೇತುವೆ ದಾಟಿದಳು. ಆಗಲೇ ಇಗರ್ಜಿಯ ಮಧ್ಯಾಹ್ನದ ಗಂಟೆಯೂ ಹೊಡೆಯತೊಡಗಿತು. ಸೈರನ್ ಕೂಗುತ್ತಿತ್ತು, ಗಂಟೆ ಹೊಡೆಯುತ್ತಿತ್ತು, ಮನೆಮನೆಯಿಂದ ತಟ್ಟೆ ಚಮಚಗಳ ಸದ್ದು ಬರುತ್ತಿತ್ತು.

ಮಿಲೇನಾ ಶ್ಟ್ರುಕ್ಲಿಗಳನ್ನು ನೀರಿಗೆ ಬಿಡುತ್ತಿದ್ದಳು. "ಕೂಗ್ತಲ್ಲ ನಿನ್ನ ಪೀಪಿ, ಈಗ ಸಮಾಧಾನನಾ?" ಅಂತ ನಗುತ್ತ ತಿರುಗಿದವಳು ಅಲ್ಲೇ ನಿಂತಳು.

ಅವಳು ನೋಡಿದ್ದು ಅಕ್ಕನ ಮುಖವನ್ನಲ್ಲ, ಕಾಲನ್ನು. ದಾರಿಂಕಾ ಬೂಟಿನಲ್ಲಿದ್ದಳು. ಬಾಗಿಲಿನಿಂದ ಒಲೆಯ ತನಕ ತೊಳೆದ ನೆಲದ ಮೇಲೆ ಕೆಸರಿನ ಹೆಜ್ಜೆ.

"ಅಕ್ಕ," ಅಂದಳು ಮಿಲೇನಾ. ಒಲೆ ಆರಿಸಿದಳು.

ಇಬ್ಬರೂ ಬೀದಿಗೆ ಬಂದರು. ದಾರಿಂಕಾ ಮೊದಲ ಮನೆಯ ಬಾಗಿಲು ಬಡಿದಳು. ಲೊಯ್ಝ್ ಮಾವ ಕತ್ತಿನಲ್ಲಿ ಕರವಸ್ತ್ರ ಸಿಕ್ಕಿಸಿಕೊಂಡು ಕಿಟಕಿಯಿಂದ ಇಣುಕಿ, "ಗೊತ್ತಮ್ಮ, ಗೊತ್ತು, ನೀನೇ ಹೇಳಿದ್ಯಲ್ಲ, ಆರಾಮಾಗಿ ಊಟ ಮಾಡ್ತಾ ಇದ್ದೀವಿ," ಅಂದ. ಮೇಲಿನಿಂದ ಸಣ್ಣ ಕಲ್ಲುಗಳು ಉರುಳುವ ಸದ್ದು. ಸೈರನ್ನಿನ ಅಬ್ಬರದಲ್ಲಿ ಅದು ಅವನಿಗೆ ಕೇಳಿಸಲಿಲ್ಲ.

"ನಿನ್ನ ಮಾತು ಇವತ್ತು ಯಾರೂ ಕೇಳಲ್ಲ," ಅಂದಳು ಮಿಲೇನಾ, ಏದುಸಿರು ಬಿಡುತ್ತ. ಅದರಲ್ಲಿ ಸಿಟ್ಟಿರಲಿಲ್ಲ. "ನನ್ನ ಮಾತು ಕೇಳ್ತಾರೆ. ನೀನು ಸೇತುವೆ ಹತ್ರ ನಿಂತು ಬಂದೋರನ್ನ ದಾಟಿಸು. ಮೇಲಿನ ಮನೆಗಳಿಗೆ ನಾನು ಹೋಗ್ತೀನಿ."

"ಮಿಲೇನಾ, ಬೇಡ, ಇಬ್ಬರೂ ಹೋಗೋಣ."

"ಸೇತುವೆ ಹತ್ರ ಯಾರೂ ಇಲ್ದಿದ್ರೆ ಅರ್ಧಕ್ಕೆ ವಾಪಸ್ ಬರ್ತಾರೆ ಇವರು. ಸೂಪು ಆರುತ್ತೆ ಅಂತ ವಾಪಸ್ ಬರ್ತಾರೆ. ನಿನಗೆ ಗೊತ್ತಿಲ್ವಾ ನಮ್ಮ ಜನ? ಹೋಗು."

ಅವಳು ಏಪ್ರನ್ನಿನಲ್ಲೇ, ಉಣ್ಣೆಯ ಚಪ್ಪಲಿಯಲ್ಲೇ ಓಣಿ ಹತ್ತಿದಳು. ಬಾಗಿಲು ತಟ್ಟಲಿಲ್ಲ, ಒದ್ದು ತೆರೆದಳು. "ಏಳ್ರೋ, ಮುದುಕಿ ಬರ್ತಿದ್ದಾಳೆ, ಏಳ್ರೀ ಸಾಕು ತಿಂದಿದ್ದು," ಅಂತ ಅವಳು ಕಿರುಚುವುದು ಸೈರನ್ನಿನ ನಡುನಡುವೆ ಕೇಳುತ್ತಿತ್ತು. ಮೂವತ್ತು ವರ್ಷ ಆ ಊರಿನ ಮದುವೆ, ಮಸಣ ಎಲ್ಲಕ್ಕೂ ಅಡುಗೆ ಮಾಡಿಹಾಕಿದವಳು, ಉಣ್ಣುವವರನ್ನು ಒಂದು ದಿನವೂ ಎಬ್ಬಿಸಿದವಳಲ್ಲ. ಜನ ಎದ್ದರು. ಗೊಣಗುತ್ತ, ಬಾಯಿ ಒರೆಸಿಕೊಳ್ಳುತ್ತ ಓಣಿಯಲ್ಲಿ ಇಳಿದು ಬಂದರು. ದಾರಿಂಕಾ ಒಬ್ಬೊಬ್ಬರ ತೋಳು ಹಿಡಿದು ಸೇತುವೆಗೆ ತಳ್ಳಿದಳು. ಲೊಯ್ಝ್ ಮಾವ ಕೈಯಲ್ಲಿ ಚಮಚ ಹಿಡಿದುಕೊಂಡೇ ಬಂದ. "ಇದೇನಾದ್ರೂ ಸುಳ್ಳಾಗಲಿ, ಆಮೇಲೆ ಇದೆ ನಿನಗೆ," ಅಂದ. ಸುಳ್ಳಾಗಲಿ ಅಂತ ಅವಳು ಮನಸ್ಸಿನಲ್ಲೇ ಕೈಮುಗಿದಳು. ಊರೆಲ್ಲ ನನ್ನ ಮುಖಕ್ಕೆ ಉಗಿಯಲಿ, ವಿಭಾಗಕ್ಕೆ ಬೀಗ ಬೀಳಲಿ, ಇದೊಂದು ಸುಳ್ಳಾಗಲಿ.

ಓಣಿಯ ತುದಿಯಲ್ಲಿ ಫಾನಿ ಅತ್ತೆಯ ಮನೆ. ಅವಳು ಸೈರನ್ ಶನಿವಾರಗಳಂದು ತಲೆನೋವು ಅಂತ ಕಿಟಕಿ ಬಾಗಿಲು ಮುಚ್ಚಿ, ರೇಡಿಯೋ ಜೋರಾಗಿ ಹಾಕಿ ಕೂರುವವಳು. ಮಿಲೇನಾ ಆ ಬಾಗಿಲು ಗುದ್ದುವುದು ಸೇತುವೆಯಿಂದ ಕಂಡಿತು. ಬಾಗಿಲು ತೆರೆಯಿತು. ಫಾನಿ ಅತ್ತೆ ಹೊಸ್ತಿಲಲ್ಲಿ ನಿಂತು ಕೈ ಆಡಿಸುತ್ತ ಏನೋ ವಾದ ಮಾಡಿದಳು. ಏನೆಂದು ಕೇಳದಿದ್ದರೂ ದಾರಿಂಕಾಗೆ ಗೊತ್ತಿತ್ತು. ನಿನ್ನ ಅಕ್ಕನೇ ಬಂದು ಹೇಳಿಹೋಗಿದ್ದಾಳಲ್ಲ, ಎದ್ದು ಬರೋದು ಬೇಡ ಅಂತ. ಮಿಲೇನಾ ಅವಳ ಸೊಂಟಕ್ಕೆ ಕೈಹಾಕಿ ಎತ್ತಿಕೊಳ್ಳಲು ಬಗ್ಗಿದಳು.

ಮುದುಕಿ ಬಂದದ್ದು ಆಗ. ಮೊದಲು ಸದ್ದೇ ಇರಲಿಲ್ಲ. ಬಂಡೆಯ ಮುಂದಲೆ ನಿಧಾನಕ್ಕೆ ಬಾಗಿತು, ಮೆಟ್ಟಿಲಿಳಿಯುವ ವಯಸ್ಸಾದವರು ಬಾಗುವ ಹಾಗೆ. ಆಮೇಲೆ ನೆಲ ಅದುರಿತು, ಬೂದಿ ಬಣ್ಣದ ಧೂಳು ಓಣಿ ತುಂಬಿ, ಊಟದ ಮನೆ ಮುಚ್ಚಿ, ಸೇತುವೆಯ ಅರ್ಧದ ತನಕ ಬಂದು ನಿಂತಿತು. ಧೂಳಿನೊಳಗಿನಿಂದ ದಾರಿಂಕಾ ತಂಗಿಯ ಹೆಸರು ಕೂಗಿದಳು. ಆಚೆ ದಡದಲ್ಲಿ ಸೈರನ್ ಇನ್ನೂ ಏರಿ ಇಳಿಯುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಅವರಿಬ್ಬರನ್ನೂ ತೆಗೆಯಲು ಮರುದಿನ ಸಂಜೆಯಾಯಿತು. ಹೊಳೆಯುವ ಗುಂಡಿಯ ಸಮವಸ್ತ್ರದಲ್ಲೇ ಸ್ವಯಂಸೇವಕರು ಕಲ್ಲು ಎತ್ತಿದರು, ಎತ್ತುತ್ತ ಅತ್ತರು. ಪ್ರೊಫೆಸರ್ ಟೈ ಕಿತ್ತೆಸೆದು ಬರಿಗೈಯಲ್ಲಿ ಮಣ್ಣು ತೋಡಿದರು. ದಾರಿಂಕಾ ಅವರನ್ನು ನೋಡಿದಳು. ಬೈಯಲು ಅವಳಿಗೆ ಬಾಯಿ ಬರಲಿಲ್ಲ. ಸೈರನ್ನಿನ ಗುಂಡಿ ಅವಳ ಕೈಯಲ್ಲೇ ಇತ್ತಲ್ಲ, ಬೆಳಗಿನಿಂದಲೂ.

ಕಾಯ್ಸಾ ಲೆಹ್ತೊ ತನ್ನ ಊರಿಗೆ ಹೋದಮೇಲೆ ವರದಿ ಕಳಿಸಿದಳು. ಬಂಡೆ ಬೀಳುವ ಮೊದಲೇ ಸೈರನ್ ಕೂಗಿದೆ, ಜನ ಪಾರಾಗಿದ್ದಾರೆ, ಯೋಜನೆಯ ಎಲ್ಲ ಗುರಿಗಳೂ ಈಡೇರಿವೆ, ಈ ವಿಶ್ವವಿದ್ಯಾಲಯ ಯುರೋಪಿಗೇ ಮಾದರಿ ಅಂತ. ಇಬ್ಬರ ಸಾವಿಗೆ ತೀವ್ರ ವಿಷಾದವೂ ಅದರಲ್ಲಿತ್ತು. ಇನ್ನೂ ದೊಡ್ಡ ಯೋಜನೆ, ಇನ್ನೂ ಹೆಚ್ಚು ದೇಶ, ಇನ್ನೂ ಹೆಚ್ಚು ಬೆಟ್ಟ ವಿಭಾಗಕ್ಕೆ ಸಿಕ್ಕವು. ಪ್ರೊಫೆಸರ್ ಈ ಸಲ ಅಳಲಿಲ್ಲ. ಅದರ ಮುಂದಾಳತ್ವವನ್ನು ದಾರಿಂಕಾಗೆ ಕೊಟ್ಟು ತಾವು ನಿವೃತ್ತಿ ಬರೆದುಕೊಟ್ಟರು. ಅವಳು ಬೇಡ ಅನ್ನಲಿಲ್ಲ. ಇನ್ನುಮುಂದೆ ಬಂಡೆಯ ಹತ್ತಿರ ಇರುವವರು ಯಾರನ್ನೂ ಕೇಳದೆ ಊರು ಖಾಲಿ ಮಾಡಿಸಬಹುದು ಅಂತ ಮೊದಲ ಸಾಲಿನಲ್ಲೇ ಬರೆಸಿದಳು. ಏಳು ದೇಶದವರು ಇರಲಿ, ಎಪ್ಪತ್ತು ದೇಶದವರು ಒಪ್ಪದಿದ್ದರೂ ಆ ಸಾಲು ತೆಗೆಯುವುದಿಲ್ಲ ಅಂದಳು.

ಅದಕ್ಕೆಲ್ಲ ಮೊದಲೇ, ಬಂಡೆ ಬಿದ್ದ ಮುಂದಿನ ತಿಂಗಳ ಮೊದಲ ಶನಿವಾರ ಬಂದಿತ್ತು. ಉಳಿದ ಮನೆಗಳವರಿಗೆ ಮುನಿಸಿಪಾಲಿಟಿ ತಿಳಿಸಿತ್ತು, ಹನ್ನೆರಡಕ್ಕೆ ಕೂಗುವುದು ಎಂದಿನ ಪರೀಕ್ಷೆ, ಗಾಬರಿ ಬೇಡ ಅಂತ. ಬೀಳಬೇಕಾದ ಬಂಡೆಯೆಲ್ಲ ಬಿದ್ದಾಗಿತ್ತು, ಬೆಟ್ಟದಲ್ಲಿ ಇನ್ನೇನೂ ಉಳಿದಿಲ್ಲ ಅಂತ ದಾರಿಂಕಾನೇ ಅಳೆದು ನೋಡಿದ್ದಳು. ಆದರೂ ಹನ್ನೆರಡರ ಹೊತ್ತಿಗೆ ಅವಳು ಆ ಓಣಿಯಲ್ಲಿದ್ದಳು. ಸೈರನ್ ನೇರ ಸ್ವರದಲ್ಲಿ ಕೂಗಿತು. ಒಂದೊಂದೇ ಬಾಗಿಲು ತೆರೆಯಿತು. ಅರ್ಧ ಉಂಡ ಸೂಪು ಮೇಜಿನ ಮೇಲೇ ಬಿಟ್ಟು ಜನ ಹೊರಗೆ ಬಂದರು. ಎಲ್ಲರ ಕಾಲಲ್ಲೂ ಬೂಟು. ಶನಿವಾರ ಅಂತ ಊಟದ ಮೇಜಿಗೇ ಬೂಟು ಹಾಕಿ ಕೂತಿದ್ದರು.

ಲೊಯ್ಝ್ ಮಾವ ಅವಳ ಪಕ್ಕ ಬಂದು ನಿಂತ. ಗೇಲಿ ಮಾಡುವ ದನಿ ಅವನಲ್ಲಿ ಉಳಿದಿರಲಿಲ್ಲ.

"ದಾರಿಂಕಾ, ಇದು ನಿಜಾನಾ, ಪರೀಕ್ಷೆನಾ?" ಅಂತ ಕೇಳಿದ.

ಪರೀಕ್ಷೆ ಅಂತ ಅವಳಿಗೆ ಗೊತ್ತಿತ್ತು. ಈ ಸಲ ಖಚಿತವಾಗಿ ಗೊತ್ತಿತ್ತು. ಬಾಯಿ ತೆರೆದಳು. ತಂಗಿಯ ಊಟದ ಮನೆಯಿದ್ದ ಜಾಗದಲ್ಲಿ ಕಲ್ಲಿನ ರಾಶಿ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು.

"ನಡಿ ಮಾವ," ಅಂದು ಅವನ ತೋಳು ಹಿಡಿದುಕೊಂಡು ಸೇತುವೆಯ ಕಡೆ ನಡೆದಳು.